ಕೋಡಿಂಗ್‌ಗೂ ಗೇಮಿಂಗ್‌ಗೂ ಒಂದೇ ಪಿಸಿ: ಕಡಿಮೆ ಬಜೆಟ್‌ನಲ್ಲಿ ಬಿಡಿಭಾಗ ಆರಿಸುವುದು ಹೇಗೆ?

ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಇಂಟೆಲ್‌ನ ಐ5 ತಗೊಳ್ಳೋದಾ, ಎಎಂಡಿಯ ರೈಜನ್ 5 ತಗೊಳ್ಳೋದಾ ಅನ್ನುವುದರಲ್ಲೇ ದಿನಗಳು ಕಳೆಯುತ್ತವೆ. ಕೈಯಲ್ಲಿ ದುಡ್ಡು ಕಡಿಮೆ ಇರುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಯಾವ ಭಾಗವನ್ನು ಮುಂದೆ ಸುಲಭವಾಗಿ ಸೇರಿಸಬಹುದು? ಯಾವುದನ್ನು ಬದಲಿಸಲು ಇಡೀ ಪೆಟ್ಟಿಗೆ ಬಿಚ್ಚಬೇಕು? ರ್‍ಯಾಮ್, ಎಸ್‌ಎಸ್‌ಡಿಯನ್ನು ಮುಂದಿನ ವರ್ಷವೂ ಹಾಕಬಹುದು. ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ) ಹಾಗಲ್ಲ. ಅವೆರಡನ್ನು ಈಗಲೇ ಸರಿಯಾಗಿ ಆರಿಸಿದರೆ ಉಳಿದದ್ದನ್ನು ನಿಧಾನವಾಗಿ ಬೆಳೆಸಿಕೊಳ್ಳಬಹುದು.

ಮೊದಲು ಪಟ್ಟಿ ಬರೆಯಿರಿ

ದಿನವೂ ತೆರೆಯುವ ಸಾಫ್ಟ್‌ವೇರ್ ಯಾವುವು, ಆಡುವ ಗೇಮ್ ಯಾವುವು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪೈಥಾನ್ ಕಲಿಯುವುದು, ವೆಬ್‌ಸೈಟ್ ಕಟ್ಟುವುದು ಕಂಪ್ಯೂಟರ್‌ಗೆ ದೊಡ್ಡ ಕೆಲಸವೇ ಅಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಎಮ್ಯುಲೇಟರ್, ಡಾಕರ್, ವರ್ಚುವಲ್ ಮಷಿನ್ ಬಂದರೆ ರ್‍ಯಾಮ್ ಬೇಗ ತುಂಬಿಹೋಗುತ್ತದೆ. ಸಿ++ ಅಥವಾ ರಸ್ಟ್‌ನ ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವವರಿಗೆ ಪ್ರೊಸೆಸರ್‌ನಲ್ಲಿ ಕೋರ್ (ಒಟ್ಟಿಗೇ ಕೆಲಸ ಮಾಡುವ ಘಟಕ) ಜಾಸ್ತಿ ಇದ್ದಷ್ಟೂ ಕಾಯುವುದು ಕಡಿಮೆ.

ಗೇಮ್‌ಗಳಲ್ಲೂ ವ್ಯತ್ಯಾಸ ಇದೆ. ವ್ಯಾಲರಂಟ್, ಕೌಂಟರ್‌ ಸ್ಟ್ರೈಕ್‌ನಂಥವು ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತವೆ. ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳಿಗೆ ಗ್ರಾಫಿಕ್ಸ್ ಕಾರ್ಡ್ ಗಟ್ಟಿ ಇರಬೇಕು.

ಮಾನಿಟರ್ ಯಾವುದು ಎಂಬುದನ್ನೂ ಇಲ್ಲೇ ನಿರ್ಧರಿಸಿ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿಯಲ್ಲಿ ಸುಮಾರು 37 ಲಕ್ಷ, 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮ್‌ನಲ್ಲೂ ಅಷ್ಟನ್ನೂ ಬಿಡಿಸಬೇಕಾದದ್ದು ನಿಮ್ಮ ಗ್ರಾಫಿಕ್ಸ್ ಕಾರ್ಡ್. ಬಜೆಟ್ ಪಿಸಿಗೆ 24 ಇಂಚಿನ 1080ಪಿ ಮಾನಿಟರ್ ಸರಿಯಾದ ಜೋಡಿ.

ಗ್ರಾಫಿಕ್ಸ್ ಕಾರ್ಡ್

ಗೇಮಿಂಗ್ ಮುಖ್ಯ ಅನ್ನುವವರು ಒಟ್ಟು ಹಣದ ಸುಮಾರು ಮೂರನೇ ಒಂದು ಭಾಗ ಇಲ್ಲಿಗೆ ಎತ್ತಿಡಿ. ವಿಡಿಯೋ ಮೆಮೊರಿ 8 ಜಿಬಿಗಿಂತ ಕಡಿಮೆ ಇರುವ ಹೊಸ ಕಾರ್ಡ್ ಈಗ ಬೇಡ. ಎಎಂಡಿಯ ಆರ್‌ಎಕ್ಸ್ 6600 8 ಜಿಬಿಯದು, 1080ಪಿಗೆ ಚೆನ್ನಾಗಿ ಸಾಕು. ವಿದ್ಯುತ್ ಎಳೆಯುವುದೂ 132 ವಾಟ್ ಅಷ್ಟೇ. ಮಷಿನ್ ಲರ್ನಿಂಗ್ ಕಲಿಯುವ ಯೋಚನೆ ಇದ್ದರೆ ಎನ್‌ವಿಡಿಯಾ ಕಡೆ ನೋಡಿ. ಆ ಕ್ಷೇತ್ರದ ಬಹುಪಾಲು ಸಾಫ್ಟ್‌ವೇರ್ ‘ಕುಡಾ’ (CUDA) ಎಂಬ ವ್ಯವಸ್ಥೆಯ ಮೇಲೆ ಸಲೀಸಾಗಿ ಓಡುತ್ತದೆ, ಆ ವ್ಯವಸ್ಥೆ ಎನ್‌ವಿಡಿಯಾ ಕಾರ್ಡ್‌ಗಳಿಗಾಗಿಯೇ ಮಾಡಿದ್ದು. 12 ಜಿಬಿಯ ಆರ್‌ಟಿಎಕ್ಸ್ 3060 ಹಳೆಯದಾದರೂ ಆ ಮೆಮೊರಿಯಿಂದಾಗಿ ಇಂದಿಗೂ ಉಪಯೋಗಕ್ಕೆ ಬರುವ ಕಾರ್ಡ್.

ಈಗ ಕಾರ್ಡ್‌ಗೆ ಹಣ ಸಾಲದಿದ್ದರೆ? ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿಯಂಥ ಪ್ರೊಸೆಸರ್ ಹಾಕಿ, ಕೋಡಿಂಗ್ ಶುರು ಮಾಡಿಬಿಡಿ. ಹಗುರ ಗೇಮ್‌ಗಳೂ ಓಡುತ್ತವೆ. ಒಂದು ವಿಷಯ ಮಾತ್ರ ತಿಳಿದಿರಲಿ: ಒಳಗೆ ಗ್ರಾಫಿಕ್ಸ್ ಇಲ್ಲದ ರೈಜನ್ 5 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದ್ದರೆ 5600ಜಿಯಲ್ಲಿ 16 ಎಂಬಿ ಮಾತ್ರ. ಮುಂದೆ ಕಾರ್ಡ್ ಹಾಕಿದಾಗ ಗೇಮ್‌ಗಳಲ್ಲಿ 5600ಜಿ ಸ್ವಲ್ಪ ಹಿಂದೆ ಬೀಳುತ್ತದೆ.

ಪ್ರೊಸೆಸರ್, ಅದರ ಜೊತೆಗೇ ಮದರ್‌ಬೋರ್ಡ್

ಇವೆರಡನ್ನೂ ಬೇರೆ ಬೇರೆಯಾಗಿ ಆರಿಸಬೇಡಿ. ಎರಡರ ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಒಂದೇ ಆಗಿರಬೇಕು. 6 ಕೋರ್, 12 ಥ್ರೆಡ್ (ಒಟ್ಟಿಗೇ ಓಡಬಲ್ಲ ಕೆಲಸದ ಎಳೆ) ಇರುವ ಪ್ರೊಸೆಸರ್ ಎರಡೂ ಕೆಲಸಕ್ಕೆ ಒಳ್ಳೆಯ ಶುರುವಾತು. ರೈಜನ್ 5 5600, ಐ5 12400ಎಫ್ ಎರಡೂ ಇದೇ ಲೆಕ್ಕದವು. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ.

ಈಗ ಸಾಕೆಟ್‌ನ ಆಯಸ್ಸು ನೋಡಿ. 5600 ಕೂರುವ ಎಎಂ4 ಮತ್ತು 12400ಎಫ್ ಕೂರುವ ಎಲ್‌ಜಿಎ 1700, ಎರಡಕ್ಕೂ ಮುಂದಿನ ತಲೆಮಾರು ಇಲ್ಲ. ಇಂಟೆಲ್ 2024ರಲ್ಲೇ ಎಲ್‌ಜಿಎ 1851ಕ್ಕೆ ಹೋಯಿತು. 2022ರಲ್ಲಿ ಬಂದ ಎಎಂ5ಗೆ ಕನಿಷ್ಠ 2027ರವರೆಗೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಬೋರ್ಡ್ ಬಿಚ್ಚದೆ ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂ5ಗೆ ಸ್ವಲ್ಪ ಜಾಸ್ತಿ ಕೊಡುವುದು ನನ್ನ ಮಟ್ಟಿಗೆ ಸರಿ. ಬಜೆಟ್ ತೀರಾ ಬಿಗಿ ಇದ್ದರೆ ಎಎಂ4 ಈಗಲೂ ಮರ್ಯಾದಸ್ಥ ಆಯ್ಕೆ.

ಬೋರ್ಡ್‌ನಲ್ಲಿ ಬಣ್ಣದ ಲೈಟ್‌ಗಳನ್ನು ಬಿಟ್ಟು ಸ್ಲಾಟ್‌ಗಳನ್ನು ಎಣಿಸಿ. ರ್‍ಯಾಮ್‌ಗೆ ನಾಲ್ಕು ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಇದ್ದರೆ ಮುಂದೆ ಕೈ ಕಟ್ಟುವುದಿಲ್ಲ. ಎಎಂ4ನಲ್ಲಿ ಬಿ450ಯಂಥ ಹಳೆಯ ಬೋರ್ಡ್ ಕೊಳ್ಳುವುದಾದರೆ ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯೇ ಎಂದು ಕೇಳಿ. ಆಗಿರದಿದ್ದರೆ 5000 ಸರಣಿಯ ಪ್ರೊಸೆಸರ್ ಹಾಕಿದರೂ ಬೂಟ್ ಆಗದು.

ರ್‍ಯಾಮ್ ಮತ್ತು ಎಸ್‌ಎಸ್‌ಡಿ

ಡಿಡಿಆರ್4 ಮತ್ತು ಡಿಡಿಆರ್5 ಮೆಮೊರಿಯ ಎರಡು ತಲೆಮಾರು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂ4ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡು ಬಗೆಯ ಬೋರ್ಡ್‌ಗಳೂ ಇವೆ, ನೋಡಿಯೇ ಕೊಳ್ಳಿ. 16 ಜಿಬಿ ಕನಿಷ್ಠ. ಡಾಕರ್, ಎಮ್ಯುಲೇಟರ್ ದಿನವೂ ಬೇಕಾದವರಿಗೆ 32 ಜಿಬಿ ಐಷಾರಾಮವಲ್ಲ, ಅಗತ್ಯ. ಒಂದೇ 16ರ ಬದಲು 8ರ ಎರಡು ಹಾಕಿದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಓಡಿ ಮೆಮೊರಿಯ ವೇಗ ಹೆಚ್ಚುತ್ತದೆ. ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದರಿಂದ ಆಗುವ ಲಾಭ ಕಣ್ಣಿಗೇ ಕಾಣುತ್ತದೆ, ಏಕೆಂದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದರೆ 32ಕ್ಕೆ ಹೋಗುವಾಗ ಹಳೆಯ ಎರಡನ್ನೂ ತೆಗೆಯಬೇಕು ಎಂಬುದು ನೆನಪಿರಲಿ.

ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಎಂ.2 ಸ್ಲಾಟ್‌ಗೆ ಕೂರುವ ವೇಗದ ಬಗೆ) ಇರಲಿ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಮೂರನೇ ತಲೆಮಾರಿನ ಎನ್‌ವಿಎಂಇ 3,500 ಎಂಬಿವರೆಗೆ ಹೋಗುತ್ತದೆ. ಅದಕ್ಕೂ ವೇಗದ್ದು ಈ ಬಜೆಟ್‌ಗೆ ಬೇಕಿಲ್ಲ. ಆ ಹಣ ರ್‍ಯಾಮ್‌ಗೆ ಹೋಗಲಿ.

ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ನಂಬಿ ಗ್ರಾಫಿಕ್ಸ್ ಕಾರ್ಡ್ ಹಾಕಬೇಡಿ. ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಬೋರ್ಡ್, ಕಾರ್ಡ್‌ಗಳನ್ನೂ ಸುಡಬಹುದು. ಮೈಮೇಲಿನ ಲೇಬಲ್ ಓದುವುದು ಕಲಿಯಿರಿ. ದೊಡ್ಡ ಅಕ್ಷರದ ವಾಟ್ ಬಿಟ್ಟು 12 ವೋಲ್ಟ್ ಸಾಲಿನ ಆಂಪಿಯರ್ ಹುಡುಕಿ, 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಎಳೆಯುವುದು ಈ ಸಾಲಿನಿಂದಲೇ. ಮೇಲೆ 550 ಎಂದು ಬರೆದು ಇಲ್ಲಿ 350 ಮಾತ್ರ ಬಂದರೆ ಬಿಟ್ಟುಬಿಡಿ.

ಮೇಲೆ ಹೇಳಿದ ಕಾರ್ಡ್‌ಗಳಿಗೆ ಒಳ್ಳೆಯ 550 ವಾಟ್ ಸಾಕು. 80 ಪ್ಲಸ್ ಬ್ರಾಂಜ್ ಗುರುತು ಇರಲಿ. ಆದರೆ ಅದು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ. ಶಾರ್ಟ್ ಸರ್ಕಿಟ್, ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟ್‌ಗಳಿಂದ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ ಎಂದು ಬೇರೆಯಾಗಿ ನೋಡಬೇಕು. ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್‌ಗಳನ್ನು ಬೇರೆ ಎಸ್‌ಎಂಪಿಎಸ್‌ನಿಂದ ತಂದು ಚುಚ್ಚಬೇಡಿ. ತುದಿ ಒಂದೇ ತರಹ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಭಾಗ ಗಾಜಿನ ಬದಲು ಜಾಲರಿ ಇರಲಿ, ಗಾಳಿ ಆಡಬೇಕಲ್ವಾ? ಗ್ರಾಫಿಕ್ಸ್ ಕಾರ್ಡ್‌ನ ಉದ್ದ, ಕೂಲರ್‌ನ ಎತ್ತರ ಹಿಡಿಸುತ್ತದೆಯೇ ಎಂದು ಮಿಲಿಮೀಟರ್ ಲೆಕ್ಕದಲ್ಲಿ ನೋಡಿ.

ಜೋಡಿಸಿದ ಮೇಲೆ

ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡು ರ್‍ಯಾಮ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 3200ರ ಡಿಡಿಆರ್4 ಸುಮ್ನೆ 2133ರಲ್ಲೋ 2400ರಲ್ಲೋ ಓಡುತ್ತಿರಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡ್‌ಗಲ್ಲ. 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಕೊಂಡಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು 144 ಅನ್ನು ನೀವೇ ಆರಿಸಿ. ಎಷ್ಟೋ ಸಲ ಅದು 60ರಲ್ಲೇ ನಿಂತಿರುತ್ತದೆ.