ಕತೆ ಹೇಳುತ್ತಿರುವುದು ಯಾರು? ಕ್ರಿಯಾಪದದ ಕೊನೆ ನೋಡಿ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ರಜೆಯಲ್ಲಿ ಕತೆ ಓದಿಸುತ್ತೇನೆ. ‘ಕತೆಯ ವಸ್ತು ಏನು?’ ಎಂದರೆ ಇಡೀ ಕತೆಯನ್ನೇ ಒಪ್ಪಿಸುತ್ತಾರೆ. ‘ನಿರೂಪಕ ಯಾರು?’ ಎಂದರೆ ಲೇಖಕರ ಹೆಸರು ಹೇಳುತ್ತಾರೆ. ಜಾಣ ಮಕ್ಕಳೇ. ಪಕ್ಕದಲ್ಲಿ ಕೂತು ತೋರಿಸಿಕೊಟ್ಟವರಿಲ್ಲ, ಅಷ್ಟೆ.

ಮೊದಲು ಕತೆಯನ್ನು ಎರಡು ಸಲ ಓದಿ. ಮೊದಲ ಸಲ ಪೆನ್ಸಿಲ್ ಮುಟ್ಟಬೇಡಿ. ಗೈಡನ್ನಂತೂ ತೆರೆಯಲೇಬೇಡಿ. ಅದರ ಸಾರಾಂಶ ತಲೆಗೆ ಹೊಕ್ಕರೆ ಕತೆಯ ವಾಕ್ಯಗಳು ಕಣ್ಣಿಗೆ ಬೀಳುವುದೇ ಇಲ್ಲ.

ಸುಲಭದ್ದನ್ನು ಬೇಗ ಮುಗಿಸಿ. ಘಟನೆಗಳನ್ನು ಜೋಡಿಸಿದ ರೀತಿ ಹಂದರ. ಕತೆ ಯಾವುದರ ಬಗ್ಗೆ ಎಂಬುದು ವಸ್ತು. ಪಾತ್ರದ ಆಸೆಗೂ ಅದಕ್ಕೆ ಅಡ್ಡ ಬಂದದ್ದಕ್ಕೂ ನಡೆಯುವ ತಿಕ್ಕಾಟ ಸಂಘರ್ಷ. ಪುಟದ ಅಂಚಿನಲ್ಲಿ ಒಂದೊಂದು ಸಾಲು ಬರೆದುಕೊಂಡರೆ ಸಾಕು.

ಮಕ್ಕಳು ಎಡವುವುದು ನಿರೂಪಕನ ಹತ್ತಿರ. ಕನ್ನಡದಲ್ಲಿ ‘ನಾನು’, ‘ಅವಳು’ ಬಿಟ್ಟರೂ ವಾಕ್ಯ ನಡೆಯುತ್ತದೆ. ಹಾಗಾಗಿ ಕ್ರಿಯಾಪದದ ಕೊನೆ ನೋಡಬೇಕು. ಮಲೆಯಾಳದಲ್ಲಿ ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ. ಯಾರು ಹೋದರೂ ‘ಪೋಯಿ’. ಕನ್ನಡದಲ್ಲಿ ಹೋದೆ, ಹೋದ, ಹೋದಳು. ಪೇಟೆಯಲ್ಲಿ ದಿನವಿಡೀ ಮಲೆಯಾಳ ಕೇಳುವ ನಮ್ಮ ಮಕ್ಕಳಿಗೆ ಇದನ್ನು ಬೆರಳಿಟ್ಟು ತೋರಿಸಲೇಬೇಕು.

ಈ ಮೂರು ಸಾಲು ನೋಡಿ: ‘ಸಂಜೆ ಚಂದ್ರಗಿರಿ ಸೇತುವೆ ದಾಟಿದೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಪ್ಪ ಈಗ ಮನೆಯಲ್ಲಿ ಇರುತ್ತಾರೋ ಇಲ್ಲವೋ.’

‘ದಾಟಿದೆ’ ಎಂದವರು ಯಾರು? ‘ಬಸ್ಸು ದಾಟಿದೆ’ ಎನ್ನುವಾಗಲೂ ಇದೇ ರೂಪ. ಅನುಮಾನ ಬಂದರೆ ಕೊನೆಗೆ ‘ನು’ ಸೇರಿಸಿ ಓದಿ. ‘ದಾಟಿದೆನು’ ಎಂದು ಹೊಂದಿಕೊಂಡರೆ ಅಲ್ಲಿ ‘ನಾನು’ ಇದೆ. ಅದು ಉತ್ತಮ ಪುರುಷ ನಿರೂಪಣೆ.

ಈಗ ‘ದಾಟಿದಳು’ ಎಂದು ಬದಲಿಸಿ. ನಿರೂಪಣೆ ಪ್ರಥಮ ಪುರುಷಕ್ಕೆ, ಅಂದರೆ ‘ಅವನು’, ‘ಅವಳು’ ಎಂದು ಹೇಳುವ ರೀತಿಗೆ ಬಂತು. ಆದರೆ ಮೂರನೆಯ ಸಾಲು ಒಂದಕ್ಷರವೂ ಬದಲಾಗಲಿಲ್ಲ, ಗಮನಿಸಿದಿರಾ? ‘ಅವಳ ಅಪ್ಪ’ ಅಂತ ಇಲ್ಲ, ಸುಮ್ನೆ ‘ಅಪ್ಪ’. ‘ಆಗ’ ಇಲ್ಲ, ‘ಈಗ’. ಹೇಳುವ ದನಿ ಹೊರಗಿನವರದು, ಆತಂಕ ಮಾತ್ರ ಅವಳದೇ. ಇದಕ್ಕೆ ದೃಷ್ಟಿಕೋನ ಎನ್ನುತ್ತೇವೆ. ಯಾರು ಹೇಳುತ್ತಾರೆ, ಯಾರ ಕಣ್ಣಿನಿಂದ ಕಾಣುತ್ತೇವೆ ಎಂದು ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಕೇಳಿ. ಒಂದೇ ಉತ್ತರ ಬರೆದು ಮುಂದೆ ಹೋಗಬೇಡಿ.

‘ನಾನು’ ಕಂಡ ಕೂಡಲೇ ಲೇಖಕ ಅಂದುಕೊಳ್ಳಲೂಬೇಡಿ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ‘ನಾನು ಲಂಕೆಯ ಅರಸ’ ಎನ್ನುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಅವರನ್ನೇ ರಾವಣ ಅಂತ ಯಾರೂ ನಂಬುವುದಿಲ್ಲ, ಅಲ್ವಾ? ಕತೆಯ ‘ನಾನು’ ಕೂಡ ಒಂದು ವೇಷವೇ.

ಕೊನೆಗೆ ವಾಕ್ಯದ ಬಗೆ. ಉದ್ದವಾಗಿದ್ದರೆ ಮಿಶ್ರವಾಕ್ಯ ಎಂಬ ಅಡ್ಡದಾರಿ ಹಿಡಿಯುವವರು ಜಾಸ್ತಿ. ಉದ್ದ ನೋಡಬೇಡಿ, ಪೂರ್ಣ ಕ್ರಿಯಾಪದ ಎಣಿಸಿ. ‘ಅಜ್ಜಿ ಎದ್ದು, ಹಟ್ಟಿಗೆ ಹೋಗಿ, ಹಾಲು ಕರೆದು, ಕಾಫಿ ಮಾಡಿದಳು.’ ಎದ್ದು, ಹೋಗಿ, ಕರೆದು ಅರ್ಧದಲ್ಲೇ ನಿಂತಿವೆ. ಪೂರ್ಣವಾದದ್ದು ‘ಮಾಡಿದಳು’ ಒಂದೇ. ಹಾಗಾಗಿ ಇದು ಸಾಮಾನ್ಯ ವಾಕ್ಯ. ‘ಮಳೆ ಬಂತು, ಆದರೆ ಬಸ್ಸು ಬರಲಿಲ್ಲ’ ಸಂಯೋಜಿತ ವಾಕ್ಯ, ಎರಡು ಭಾಗವೂ ಒಂಟಿಯಾಗಿ ನಿಲ್ಲುತ್ತವೆ. ‘ಅಪ್ಪ ಬರುತ್ತಾರೆ ಎಂದು ಅಮ್ಮ ಹೇಳಿದಳು’ ಮಿಶ್ರವಾಕ್ಯ. ಮೊದಲ ಭಾಗ ‘ಎಂದು’ ಹಿಡಿದುಕೊಂಡು ಎರಡನೆಯದಕ್ಕೆ ಜೋತುಬಿದ್ದಿದೆ.

ಹೆಸರು ಹೇಳಿ ಬಿಡಬೇಡಿ. ಅಜ್ಜಿಯ ವಾಕ್ಯವನ್ನು ನಾಲ್ಕು ತುಂಡು ಮಾಡಿ ಗಟ್ಟಿಯಾಗಿ ಓದಿ: ‘ಅಜ್ಜಿ ಎದ್ದಳು. ಹಟ್ಟಿಗೆ ಹೋದಳು. ಹಾಲು ಕರೆದಳು. ಕಾಫಿ ಮಾಡಿದಳು.’ ಒಂದೊಂದು ಕೆಲಸಕ್ಕೂ ಅವಳು ನಿಂತು ಉಸಿರು ತೆಗೆದ ಹಾಗೆ ಕೇಳುತ್ತದೆ. ಮೊದಲಿನದರಲ್ಲಿ ಅವಳಿಗೆ ಬಿಡುವೇ ಇರಲಿಲ್ಲ. ಉತ್ತರದಲ್ಲಿ ಇದನ್ನೂ ಒಂದು ಸಾಲು ಬರೆಯಿರಿ.