ಇನ್ನೂರು ಬಣ್ಣಗಳ ಚಿತ್ರವನ್ನು ಓದುವುದು ಹೇಗೆ?

ಮೊಬೈಲ್ ಕ್ಯಾಮೆರಾ ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರೇ ಅಂಕಿಗಳನ್ನು ಬರೆದಿಡುತ್ತದೆ. ವಿಮಾನದಲ್ಲಿ ಹಾರುವ ನಾಸಾದ ಏವಿರಿಸ್ ಎಂಬ ಹೈಪರ್‌ಸ್ಪೆಕ್ಟ್ರಲ್ ಉಪಕರಣವಾದರೋ 400ರಿಂದ 2500 ನ್ಯಾನೋಮೀಟರ್‌ವರೆಗಿನ ಬೆಳಕನ್ನು 224 ಬ್ಯಾಂಡ್‌ಗಳಾಗಿ, ಅಂದರೆ ಕಿರಿದಾದ ತರಂಗಾಂತರ ಪಟ್ಟಿಗಳಾಗಿ, ಸೀಳುತ್ತದೆ. ಹೀಗೆ ಪ್ರತಿ ಪಿಕ್ಸೆಲ್‌ಗೂ ಒಂದು ರೋಹಿತ ರೇಖೆ, ಅಂದರೆ ಯಾವ ತರಂಗಾಂತರದ ಬೆಳಕು ಎಷ್ಟು ಎಂದು ತೋರಿಸುವ ಗೆರೆ, ಸಿಗುತ್ತದೆ. ಆ ರೇಖೆಯನ್ನು ಕಣ್ಣಾರೆ ನೋಡದೆ ತಂತ್ರಾಂಶದ ಯಾವ ಗುಂಡಿಯನ್ನೂ ಒತ್ತಬೇಡಿ.

ಕಲಿಕೆಗೆ ‘ಇಂಡಿಯನ್ ಪೈನ್ಸ್’ ಚಿತ್ರ ಒಳ್ಳೆಯದು. 1992ರ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಹೊಲಗಳ ಮೇಲೆ ಏವಿರಿಸ್ ಸೆರೆಹಿಡಿದ ಚಿತ್ರವಿದು: ಉದ್ದಗಲ 145 ಪಿಕ್ಸೆಲ್, ಹಂಚಿಕೆಯಲ್ಲಿರುವ ಪ್ರತಿಯಲ್ಲಿ 220 ಬ್ಯಾಂಡ್. ಪೈಥಾನ್ ಬಲ್ಲವರು ‘ಸ್ಪೆಕ್ಟ್ರಲ್ ಪೈಥಾನ್’ ಲೈಬ್ರರಿ ಬಳಸಲಿ. ಕೋಡ್ ಬೇಡವೆನ್ನುವವರಿಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದೊಳಗೆ ಎನ್‌ಮ್ಯಾಪ್-ಬಾಕ್ಸ್ ಎಂಬ ಪ್ಲಗಿನ್ ಇದೆ. ಎರಡೂ ಉಚಿತ.

ಮರಗಳಿರುವ ಒಂದು ಪಿಕ್ಸೆಲ್ ಆರಿಸಿ. 670 ನ್ಯಾನೋಮೀಟರ್ ಬಳಿ ರೇಖೆ ತಗ್ಗಿಗೆ ಇಳಿದಿರುತ್ತದೆ. ಎಲೆಯ ಹರಿತ್ತು ಕೆಂಪು ಬೆಳಕನ್ನು ನುಂಗಿದ ಗುರುತು ಅದು. 700 ದಾಟುತ್ತಲೇ ರೇಖೆ ಗೋಡೆ ಹತ್ತಿದಂತೆ ಏರುತ್ತದೆ. ಇನ್ನು 1400 ಮತ್ತು 1900ರ ಆಸುಪಾಸಿನಲ್ಲಿ ಗಾಳಿಯಲ್ಲಿರುವ ನೀರಾವಿಯೇ ಬೆಳಕನ್ನು ಹೀರಿಬಿಡುವುದರಿಂದ ಅಲ್ಲಿ ನೆಲದ ಸುದ್ದಿಯೇ ಇರುವುದಿಲ್ಲ. ಇಂಥ 20 ಬ್ಯಾಂಡ್‌ಗಳನ್ನು ತೆಗೆದುಹಾಕಿ 200ರೊಂದಿಗೆ ಮುಂದುವರಿಯುವುದು ವಾಡಿಕೆ.

ಅಕ್ಕಪಕ್ಕದ ಬ್ಯಾಂಡ್‌ಗಳು ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತವೆ. ಆದ್ದರಿಂದ ಪಿಸಿಎ (ಪ್ರಧಾನ ಘಟಕ ವಿಶ್ಲೇಷಣೆ) ಅಥವಾ ಎಂಎನ್‌ಎಫ್ (ಮಿನಿಮಮ್ ನಾಯ್ಸ್ ಫ್ರ್ಯಾಕ್ಷನ್) ವಿಧಾನದಿಂದ ಅವನ್ನು ಕೆಲವೇ ಘಟಕಗಳಿಗೆ ಇಳಿಸಿ. ಗದ್ದಲವನ್ನು, ಅಂದರೆ ಅಳತೆಯಲ್ಲಿ ನುಸುಳುವ ಅಡ್ಡಾದಿಡ್ಡಿ ಏರಿಳಿತವನ್ನು, ಬೇರ್ಪಡಿಸುವುದರಲ್ಲಿ ಎಂಎನ್‌ಎಫ್ ಮೇಲು.

ಈಗ ವರ್ಗೀಕರಣ, ಅಂದರೆ ಯಾವ ಪಿಕ್ಸೆಲ್‌ನಲ್ಲಿ ಏನಿದೆ ಎಂದು ಗುರುತಿಸುವುದು. ಹೊಸಬರಿಗೆ ನಾನು ಮೊದಲು ಹೇಳುವುದು ರೋಹಿತ ಕೋನ ವಿಧಾನವನ್ನು. ಪ್ರತಿ ರೇಖೆಯನ್ನೂ ಒಂದು ಬಾಣವೆಂದು ಭಾವಿಸಿ, ಗೊತ್ತಿರುವ ವಸ್ತುವಿನ ಮಾದರಿ ಬಾಣಕ್ಕೂ ಅದಕ್ಕೂ ನಡುವಿನ ಕೋನವನ್ನು ತಂತ್ರಾಂಶ ಅಳೆಯುತ್ತದೆ. ಬೆಳಕು ಮಂದವಾದರೆ ಬಾಣ ಗಿಡ್ಡವಾಗುತ್ತದೆ, ದಿಕ್ಕು ಹೆಚ್ಚು ಬದಲಾಗುವುದಿಲ್ಲ. ಇಳಿಜಾರಿನ ಮಬ್ಬಿನಲ್ಲಿರುವ ಮರವೂ ಮರವೆಂದೇ ಗುರುತಾಗುತ್ತದೆ. ಮಾದರಿಯನ್ನು ಪ್ರಯೋಗಾಲಯದ ರೋಹಿತ ಸಂಗ್ರಹದಿಂದ ತರುವುದಾದರೆ ಮಾತ್ರ ವಾತಾವರಣದ ಪ್ರಭಾವವನ್ನು ಕಳೆದು, ಚಿತ್ರವನ್ನು ಪ್ರತಿಫಲನಾಂಶಕ್ಕೆ (ಬಿದ್ದ ಬೆಳಕಿನಲ್ಲಿ ನೆಲ ಹಿಂದಿರುಗಿಸಿದ ಪಾಲಿಗೆ) ಮೊದಲೇ ಪರಿವರ್ತಿಸಿಕೊಂಡಿರಬೇಕು.

ಇಷ್ಟಾದರೂ ಮೆಕ್ಕೆಜೋಳ ಮತ್ತು ಸೋಯಾಬೀನ್ ಒಂದಕ್ಕೊಂದು ಬೆರೆತುಹೋಗುತ್ತವೆ. ತಪ್ಪು ನಿಮ್ಮದಲ್ಲ. ಆ ಜೂನ್‌ನಲ್ಲಿ ಪೈರು ಇನ್ನೂ ಎಳೆಯದು, ನೆಲದ ಶೇ 5ರಷ್ಟನ್ನೂ ಮುಚ್ಚಿರಲಿಲ್ಲ. ಪಿಕ್ಸೆಲ್‌ನಲ್ಲಿ ಇರುವುದು ಬಹುಪಾಲು ಮಣ್ಣು. ಯಾವುದು ಎಷ್ಟು ಪಾಲು ಎಂದು ಬಿಡಿಸುವ ಮಿಶ್ರಣ ವಿಶ್ಲೇಷಣೆ ಹುಟ್ಟಿದ್ದೇ ಇಂಥ ಪಿಕ್ಸೆಲ್‌ಗಳಿಗಾಗಿ.

ಕೊನೆಗೆ ಪರೀಕ್ಷೆ. ಏನಿದೆ ಎಂದು ಮೊದಲೇ ಗುರುತು ಹಾಕಿದ ಪಿಕ್ಸೆಲ್‌ಗಳಲ್ಲಿ ಒಂದು ಬಗೆಯ ಸೋಯಾಬೀನ್‌ಗೆ 2455 ಇದ್ದರೆ ಓಟ್ಸ್‌ಗೆ ಇರುವುದು ಬರೀ 20. ಓಟ್ಸ್ ಪೂರ್ತಿ ತಪ್ಪಿದರೂ ಒಟ್ಟು ನಿಖರತೆ ಕದಲುವುದಿಲ್ಲ. ಹಾಗಾಗಿ ಪ್ರತಿ ವರ್ಗದ ಅಂಕವನ್ನೂ ಬೇರೆಯಾಗಿ ಬರೆದಿಡಿ. ಸಾಧ್ಯವಿರುವಲ್ಲೆಲ್ಲ ತಂತ್ರಾಂಶದ ತರಬೇತಿಗೆ ಒಂದು ಹೊಲ, ಪರೀಕ್ಷೆಗೆ ಬೇರೊಂದು ಹೊಲ ಇರಲಿ.