ದಪ್ಪ ಬೆರಳಿನವರಿಗೆ ಸಣ್ಣ ಗಿಟಾರ್

ಗಿಟಾರ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ದುಡ್ಡಿನ ಜೊತೆ ಒಂದು ಸ್ಕೇಲ್ ಇರಲಿ. ಮಕ್ಕಳ ಕಂಪಾಸ್ ಬಾಕ್ಸಿನದು ಸಾಕು.

ನಾನು ಮೊದಲ ಸಲ ಹುಬ್ಬಳ್ಳಿಯಲ್ಲಿ ಡ್ರೆಡ್‌ನಾಟ್, ಅಂದರೆ ದೊಡ್ಡ ಮೈಯ ಗಿಟಾರ್ ಕೊಂಡೆ. ಬಸ್ಸಿನಲ್ಲಿ ಧಾರವಾಡಕ್ಕೆ ತರುವಷ್ಟರಲ್ಲೇ ಸಾಕಾಯಿತು. ತಬ್ಬಿ ಕೂತರೆ ಬಲಗೈ ಜೋಮು ಹಿಡಿಯುತ್ತಿತ್ತು. ಸಿ ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದರೆ ನನ್ನ ದಪ್ಪ ಬೆರಳು ಪಕ್ಕದ ತಂತಿಗೂ ತಾಗಿ, ಸ್ವರದ ಬದಲು ಟಪ್ ಅನ್ನುತ್ತಿತ್ತು.

ಅಳೆಯಬೇಕಾದದ್ದು ನಟ್. ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿ. ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಇದು ಸಾಮಾನ್ಯವಾಗಿ 43 ಮಿ.ಮೀ. ಆಸುಪಾಸು. 44.5 ಸಿಕ್ಕರೆ ಬಿಡಬೇಡಿ. ಒಂದೂವರೆ ಮಿ.ಮೀ. ಏನು ಮಹಾ ಅನ್ನಿಸುತ್ತೆ, ಅಲ್ವಾ? ಬೆರಳಿಗೆ ಗೊತ್ತಾಗುತ್ತದೆ.

ಸಣ್ಣ ಮೈ ಬೇಕಿದ್ದರೆ ಪಾರ್ಲರ್ ಅಥವಾ ಓಎಂ (ಆರ್ಕೆಸ್ಟ್ರಾ ಮಾಡೆಲ್) ಆಕಾರದ್ದು ಕೇಳಿ. ಕಡಿಮೆ ದರದಲ್ಲಿ ಸಣ್ಣ ಮೈ ಸಿಗುತ್ತದೆ, ಅಗಲ ಕತ್ತು ಸಿಗುವುದೇ ಕಷ್ಟ. ಯಮಹಾ ಎಫ್‌ಎಸ್800 ಮೈ ಚಿಕ್ಕದು, ನಟ್ ಮಾತ್ರ 43. ನೈಲಾನ್ ತಂತಿಯ ಯಮಹಾ ಸಿ40 ಆದರೆ 52. ನಾನು ಕೊನೆಗೆ ನೈಲಾನಿಗೇ ಒಗ್ಗಿಕೊಂಡೆ. ಸದ್ದು ಮೆತ್ತಗೆ, ಬೆರಳ ತುದಿಗೂ ಹಿತ. ಆದರೆ ಅದಕ್ಕೆ ಸ್ಟೀಲ್ ತಂತಿ ಹಾಕಬೇಡಿ. ಎಳೆತಕ್ಕೆ ಬ್ರಿಡ್ಜ್, ಅಂದರೆ ಮೈಮೇಲೆ ತಂತಿ ಕಟ್ಟುವ ಪಟ್ಟಿ, ಎದ್ದುಬರುತ್ತದೆ.

ಹಳೆಯ ಗಿಟಾರ್ ಆದರೆ 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಸ್ಕೇಲ್ ನಿಲ್ಲಿಸಿ. ಸ್ಟೀಲ್ ತಂತಿ ಫ್ರೆಟ್ಟಿನಿಂದ 3 ಮಿ.ಮೀ.ಗಿಂತ ಜಾಸ್ತಿ ಎತ್ತರವಿದ್ದರೆ ಒತ್ತುವುದೇ ಶಿಕ್ಷೆ. ಅಂಗಡಿಯವರು ಚಹಾ ತರಿಸಿದರೂ ಸಂಕೋಚ ಬೇಡ, ಸ್ಕೇಲ್ ತೆಗೆಯಿರಿ.